ಕಾದವನ ಲೆಕ್ಕ

ಕನ್ನಡದಲ್ಲಿ ‘ಕಾಯ್’ ಎಂಬ ಒಂದು ಪುಟ್ಟ ಧಾತುವಿದೆ. ಹೊಲ ಕಾಯುತ್ತೇವೆ, ದನ ಕಾಯುತ್ತೇವೆ, ಮಳೆಗಾಗಿ ಕಾಯುತ್ತೇವೆ, ಒಲೆಯ ಮೇಲಿನ ಹೆಂಚೂ ಕಾಯುತ್ತದೆ. ರಕ್ಷಣೆ, ನಿರೀಕ್ಷೆ, ತಾಪ ಈ ಮೂರನ್ನೂ ಆ ಒಂದೇ ಮಾತು ಹೊತ್ತು ನಿಂತಿದೆ. ಅದರ ನೆರೆಯಲ್ಲೇ ಇರುವ ‘ಕಾದು’ ಎಂಬ ಇನ್ನೊಂದು ಮಾತಿಗೆ ಹಳಗನ್ನಡದಲ್ಲಿ ಯುದ್ಧಮಾಡು ಎಂದರ್ಥ. ಇಂದಿನ ಕಾದಾಟದಲ್ಲಿ ಅದು ಉಳಿದುಬಂದಿದೆ. ಇವೆರಡರ ವ್ಯುತ್ಪತ್ತಿ ಒಂದೇ ಎಂದು ನಾನು ಸಾಧಿಸಹೊರಟಿಲ್ಲ. ಆದರೆ ಕಾಯುವವನು ಕಾದಬೇಕಾಗುತ್ತದೆ, ಕಾದುವವನು ಕಾಯಬೇಕಾಗುತ್ತದೆ ಎಂಬ ಅನುಭವವನ್ನು ನಮ್ಮ ಭಾಷೆಯ ಕಿವಿ ಬಹು ಹಿಂದೆಯೇ ಗುರುತಿಸಿತ್ತೆಂದು ಹೇಳಬಹುದು.

ನಾನು ವಾಸಿಸುವ ಬೆಂಗಳೂರಿನ ಉತ್ತರಭಾಗದಲ್ಲಿ ಇದಕ್ಕೊಂದು ಕಲ್ಲಿನ ಸಾಕ್ಷಿಯುಂಟು. 2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಕಾಲದ್ದು; ಸುಮಾರು ಕ್ರಿ.ಶ. 750ರ ಬರಹ. ನಾಡಿನ ಮೇಲೆ ಬಂದ ಪಡೆಯನ್ನು ಎದುರಿಸಿ ಮಡಿದ ಕಿತ್ತಯ್ಯನೆಂಬ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಕಿತ್ತಯ್ಯನು ಯಾವ ನಾಡನ್ನೂ ಗೆದ್ದವನಲ್ಲ. ಬಂದವರನ್ನು ತಡೆಯಲು ನಿಂತ, ನಿಂತಲ್ಲಿಯೇ ಬಿದ್ದ, ಅಷ್ಟೇ. ಕರ್ನಾಟಕದ ಉದ್ದಗಲಕ್ಕೂ ತುರುಗಳನ್ನು ಬಿಡಿಸಿಕೊಳ್ಳುವಾಗ, ಊರಳಿವಿನಲ್ಲಿ, ಪೆಣ್ಬುಯ್ಯಲಿನಲ್ಲಿ ಸತ್ತವರಿಗೆ ಇಂತಹ ಸಾವಿರಾರು ಕಲ್ಲುಗಳಿವೆ. ಶಾಸನ ಬರೆಸಿದ ಅರಸರು ತಮ್ಮ ಗೆಲುವನ್ನು ಬರೆಸಿದರು. ಊರವರು ಮಾತ್ರ ಕಾದವನ ನಿಲುವನ್ನು ಬರೆಸಿದರು.

ಕಾವ್ಯಗಳ ಮಾತು ಬೇರೆ. ಚಕ್ರವ್ಯೂಹದ ಪ್ರಸಂಗವನ್ನು ನೆನೆಯಿರಿ. ಒಳನುಗ್ಗಿದ ಅಭಿಮನ್ಯುವಿಗಾಗಿ ಕವಿಗಳೆಲ್ಲ ಕಣ್ಣೀರು ಸುರಿಸಿದ್ದಾರೆ. ಅವನ ಬೆನ್ನ ಹಿಂದೆ ಬಂದ ನಾಲ್ವರು ಪಾಂಡವರನ್ನು ವ್ಯೂಹದ ಬಾಗಿಲಲ್ಲಿ ಒಂದು ಹಗಲು ತಡೆದು ನಿಲ್ಲಿಸಿದವನು ಸೈಂಧವ. ಆ ದಿನದ ಯುದ್ಧದ ಗತಿಯನ್ನೇ ತಿರುಗಿಸಿದ ಕೆಲಸ ಅದು. ಆದರೂ ಸೈಂಧವನ ತಡೆಗೆ ನಮ್ಮ ನೆನಪಿನಲ್ಲಿ ಉಳಿದಿರುವುದು ಶಿವನ ವರದ ಸಮಜಾಯಿಷಿ ಮಾತ್ರ. ಅವನು ಅಧರ್ಮದ ಪಕ್ಷದಲ್ಲಿದ್ದನೆಂಬುದು ನಿಜ. ಆದರೆ ತಡೆಯುವ ಕೆಲಸಕ್ಕೆ ಕತೆಯಲ್ಲಿ ರಂಗು ಕಡಮೆ ಎಂಬುದೂ ಅಷ್ಟೇ ನಿಜ. ನುಗ್ಗಿದವನ ಹೆಜ್ಜೆಯನ್ನು ವರ್ಣಿಸಬಹುದು. ನಿಂತವನನ್ನು ವರ್ಣಿಸುವುದು ಹೇಗೆ?

ಆಟದ ಕಣದಲ್ಲಿಯೂ ಇದೇ ತೊಡಕು. ಕೆನಡಾ ದೇಶದವರು ಆಡುವ ಫುಟ್‌ಬಾಲಿನಲ್ಲಿ ಒಂದೊಂದು ಪಕ್ಷಕ್ಕೆ 12 ಮಂದಿ. ದಾಳಿಗೆ ಒಂದು ದಂಡು, ಕಾವಲಿಗೆ ಬೇರೆಯೇ ಒಂದು ದಂಡು. ಕಾವಲಿನವರು ಎದುರಾಳಿಯನ್ನು ಎಷ್ಟು ಸಲ ಕೆಡವಿದರೆಂಬುದನ್ನು ಎಣಿಸುತ್ತಾರೆ. ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಅಲ್ಲಿನ ಲೀಗು 1974ರಿಂದ ಪ್ರತ್ಯೇಕ ಪ್ರಶಸ್ತಿಯನ್ನೇ ಕೊಡುತ್ತ ಬಂದಿದೆ. ನಮ್ಮ ಜನ ಹುಚ್ಚೆದ್ದು ನೋಡುವ ಕ್ರಿಕೆಟ್ಟಿನಲ್ಲಿ ಅಂತಹ ಏರ್ಪಾಡಿಲ್ಲ. ದಾಂಡಿಗ ಗಳಿಸಿದ ರನ್ನು ಹಲಗೆಯ ಮೇಲೆ ಏರುತ್ತದೆ. ಅವನು ತಡೆದ ಅಪಾಯ ಏರುವುದಿಲ್ಲ. ಹಾಗಿದ್ದೂ ತಡೆಯುವುದನ್ನೇ ತನ್ನ ಜೀವಿತದ ವಿದ್ಯೆಯಾಗಿ ಮಾಡಿಕೊಂಡು, ಆ ವಿದ್ಯೆಯಿಂದಲೇ ಲೋಕಮಾನ್ಯನಾದ ಒಬ್ಬ ಆಟಗಾರ ನಮ್ಮ ಬೆಂಗಳೂರಿನಿಂದ ಬಂದ. ಜನ ಅವರನ್ನು ‘ಗೋಡೆ’ ಎಂದು ಕರೆದರು. ರಾಹುಲ್ ದ್ರಾವಿಡರ ಕ್ರೀಡಾಜೀವನವನ್ನು ಕಾಯುವ ವಿದ್ಯೆಯ ಚರಿತ್ರೆಯೆಂದು ಓದುವುದು ಈ ಭಾಷಣದ ಉದ್ದೇಶ.

ದ್ರಾವಿಡರು ಹುಟ್ಟಿದ್ದು 1973ರ ಜನವರಿ 11ರಂದು, ಇಂದೂರಿನಲ್ಲಿ. ಬೆಳೆದದ್ದು ಬೆಂಗಳೂರಿನಲ್ಲಿ. ತಂದೆ ಜಾಮು ತಯಾರಿಸುವ ಕಂಪನಿಯಲ್ಲಿದ್ದರು. ಗೆಳೆಯರು ಇಟ್ಟ ‘ಜ್ಯಾಮಿ’ ಎಂಬ ಅಡ್ಡಹೆಸರಿಗೆ ಅದೇ ಮೂಲ. ತಾಯಿ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಾಸ್ತುಶಿಲ್ಪದ ಅಧ್ಯಾಪಕಿ. ಕಟ್ಟಡದ ಅಸ್ತಿಭಾರ ಕಣ್ಣಿಗೆ ಕಾಣುವುದಿಲ್ಲವೆಂಬ ಪಾಠವನ್ನು ಮಗ ಮನೆಯಲ್ಲಿಯೇ ಕಲಿತಿರಬೇಕೆಂದು ಊಹಿಸಲು ಮನಸ್ಸಾಗುತ್ತದೆ. ಸೇಂಟ್ ಜೋಸೆಫ್ ಬಾಲಕರ ಪ್ರೌಢಶಾಲೆಯ ವಿದ್ಯಾರ್ಥಿ. ಬೇಸಗೆಯ ಶಿಬಿರದಲ್ಲಿ ಕೇಕಿ ತಾರಾಪೂರರ ಕಣ್ಣಿಗೆ ಬಿದ್ದ ಹುಡುಗ. 1991ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ಕರ್ನಾಟಕದ ಪರವಾಗಿ ಮೊದಲ ರಣಜಿ ಪಂದ್ಯವನ್ನಾಡಿ 82 ರನ್ ಗಳಿಸಿದಾಗ ಅವರಿಗೆ ಹದಿನೆಂಟು ವರ್ಷ. 1996ರ ಜೂನ್ 20ರಂದು ಆರಂಭವಾದ ಲಾರ್ಡ್ಸ್ ಪಂದ್ಯ ಅವರ ಮೊದಲ ಟೆಸ್ಟ್. ಅದೇ ಪಂದ್ಯದಲ್ಲಿ ಕಾಲಿಟ್ಟ ಸೌರವ್ ಗಂಗೂಲಿ 131 ರನ್ ಹೊಡೆದರು. ದ್ರಾವಿಡರು 95ಕ್ಕೆ ಔಟಾದರು. ಮರುದಿನದ ಮುಖ್ಯ ಸುದ್ದಿ ಯಾರದೆಂದು ಹೇಳಬೇಕಾಗಿಲ್ಲ. ಶತಕ ಬರಲು 1997ರ ಜನವರಿಯವರೆಗೆ ಕಾಯಬೇಕಾಯಿತು. ಜೋಹಾನ್ಸ್‌ಬರ್ಗಿನ ಪುಟಿಯುವ ನೆಲದಲ್ಲಿ, ಡೊನಾಲ್ಡ್ ಮತ್ತು ಪೊಲಾಕರ ಎದುರು, ಅವರು 148 ಮತ್ತು 81 ರನ್ ಗಳಿಸಿದರು.

ಕಾಯುವ ಈ ವಿದ್ಯೆಯ ಒಳಗುಟ್ಟೇನು? ಕ್ರಿಕೆಟ್ ಬಲ್ಲವರು ಕ್ಷಮಿಸಬೇಕು. ಬಲ್ಲದವರಿಗಾಗಿ ಎರಡು ಮಾತು. ಹೊಸ ಚೆಂಡು ಗಡುಸಾಗಿರುತ್ತದೆ, ಅದರ ಮೈ ಹೊಳೆಯುತ್ತಿರುತ್ತದೆ, ಹೊಲಿಗೆ ಎದ್ದು ನಿಂತಿರುತ್ತದೆ. ಗಾಳಿಯಲ್ಲಿ ಅದು ಬಾಗುವುದೂ ನೆಲಕ್ಕೆ ತಾಗಿ ದಿಕ್ಕು ಬದಲಿಸುವುದೂ ಮೊದಲ ಒಂದೆರಡು ಗಂಟೆಗಳಲ್ಲಿಯೇ ಹೆಚ್ಚು. ಆಡುತ್ತ ಆಡುತ್ತ ಚೆಂಡು ಮೆದುವಾಗುತ್ತದೆ, ಬೌಲರರು ದಣಿಯುತ್ತಾರೆ. ಎಂಬತ್ತು ಓವರು ಕಳೆದ ಮೇಲೆ ಮತ್ತೆ ಹೊಸ ಚೆಂಡು. ಮೊದಲ ಜೋಡಿಯಲ್ಲೊಬ್ಬ ಬೇಗ ಔಟಾದರೆ ಆ ಗಡುಸು ಚೆಂಡಿನ ಬಾಯಿಗೆ ಬೀಳುವವನು ಮೂರನೆಯ ಕ್ರಮಾಂಕದ ದಾಂಡಿಗ. ದ್ರಾವಿಡರು ಟೆಸ್ಟಿನಲ್ಲಿ ಗಳಿಸಿದ 13,288 ರನ್ನುಗಳಲ್ಲಿ 10,524 ರನ್ನು ಆ ಮೂರನೆಯ ಸ್ಥಾನದಲ್ಲಿಯೇ ಬಂದವು. ಚೆಂಡಿನ ಹೊಳಪನ್ನು ತಮ್ಮ ದಾಂಡಿನ ಮೇಲೆ ಒರೆಸಿಕೊಂಡು, ಮಾಸಿದ ಚೆಂಡನ್ನು ಮುಂದಿನವರಿಗೆ ಬಿಟ್ಟುಕೊಡುವುದು ಅವರ ಉದ್ಯೋಗವಾಗಿತ್ತು. ಆ ಮುಂದಿನವರು ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್. ತೆಂಡೂಲ್ಕರ್ ಜೊತೆಗೂಡಿ ಅವರು 20 ಶತಕದ ಜೊತೆಯಾಟಗಳನ್ನಾಡಿ 6,920 ರನ್ ಸೇರಿಸಿದರು. ಟೆಸ್ಟ್ ಚರಿತ್ರೆಯಲ್ಲಿ ಬೇರೆ ಯಾವ ಜೋಡಿಗೂ ಅಷ್ಟಾಗಿಲ್ಲ.

ತಡೆಯುವಾಗ ಅವರು ಚೆಂಡನ್ನು ಕಣ್ಣಿನ ಕೆಳಗೆ ಬರುವವರೆಗೆ ಕಾದು, ಹಿಡಿತವನ್ನು ಸಡಿಲಿಸಿ, ಅದು ಕಾಲಬುಡದಲ್ಲಿಯೇ ಸತ್ತು ಬೀಳುವಂತೆ ಮಾಡುತ್ತಿದ್ದರು. ಹಿಡಿತ ಬಿಗಿಯಾದರೆ ಚೆಂಡು ಪುಟಿದು ಸ್ಲಿಪ್ಪಿನವರ ಕೈಸೇರುತ್ತದೆ. ಅದಕ್ಕಿಂತಲೂ ದೊಡ್ಡ ವಿದ್ಯೆಯೆಂದರೆ ಬಿಡುವುದು. ಆಫ್ ಗೂಟದ ಹೊರಗೆ ನಾಲ್ಕು ಬೆರಳು ದೂರದಲ್ಲಿ ಹಾದುಹೋಗುವ ಚೆಂಡು ‘ಬಾ, ಹೊಡೆ’ ಎಂದು ಕರೆಯುತ್ತದೆ. ದಾಂಡನ್ನು ಎತ್ತಿ ಹಿಡಿದು ಅದನ್ನು ಹೋಗಗೊಡಬೇಕಾದರೆ ತನ್ನ ಗೂಟ ಎಲ್ಲಿದೆಯೆಂಬುದು ತಿರುಗಿ ನೋಡದೆ ಗೊತ್ತಿರಬೇಕು. ಕಾವ್ಯಮೀಮಾಂಸೆಯನ್ನು ಕಲಿಸುತ್ತಿದ್ದ ನನಗೆ ಇದು ಅಪರಿಚಿತವೆನಿಸಲಿಲ್ಲ. ಒಳ್ಳೆಯ ಕವಿಯ ಪರೀಕ್ಷೆ ಬಳಸಿದ ಪದಗಳಲ್ಲಿ ಎಷ್ಟೋ, ಕೈಗೆ ಬಂದರೂ ಬಳಸದೆ ಬಿಟ್ಟ ಪದಗಳಲ್ಲಿಯೂ ಅಷ್ಟೇ ನಡೆಯುತ್ತದೆ.

ರನ್ ಬಾರದ ಎಸೆತಕ್ಕೆ ಲೆಕ್ಕಿಗರು ಪುಸ್ತಕದಲ್ಲಿ ಒಂದು ಚುಕ್ಕೆಯಿಡುತ್ತಾರೆ. ದ್ರಾವಿಡರು ತಮ್ಮ 164 ಟೆಸ್ಟುಗಳಲ್ಲಿ ಎದುರಿಸಿದ ಎಸೆತ 31,258. ಕ್ರೀಸಿನಲ್ಲಿ ನಿಂತದ್ದು 44,152 ನಿಮಿಷ. ಅಂದರೆ ಸುಮಾರು 736 ಗಂಟೆ. ಅಷ್ಟು ಎಸೆತ ಎದುರಿಸಿದವರಾಗಲಿ ಅಷ್ಟು ಹೊತ್ತು ನಿಂತವರಾಗಲಿ ಟೆಸ್ಟಿನಲ್ಲಿ ಇನ್ನೊಬ್ಬರಿಲ್ಲ. ಆ ಎಸೆತಗಳಲ್ಲಿ ಬಹುಪಾಲು ಚುಕ್ಕೆಗಳೇ. ನಮ್ಮ ಹೆಣ್ಣುಮಕ್ಕಳು ಬೆಳಗ್ಗೆ ಬಾಗಿಲ ಮುಂದೆ ರಂಗವಲ್ಲಿ ಹಾಕುವಾಗ ಮೊದಲು ಇಡುವುದೂ ಚುಕ್ಕೆಯನ್ನೇ ಅಲ್ಲವೆ? ಎಳೆ ಎಳೆದ ಮೇಲೆ ನೋಡುವವರಿಗೆ ಬಳ್ಳಿ ಕಾಣುತ್ತದೆ, ಹೂ ಕಾಣುತ್ತದೆ. ಅದನ್ನು ಹಿಡಿದು ನಿಂತಿರುವುದು ಚುಕ್ಕೆ.

ಇದಕ್ಕೆ ಅತ್ಯುತ್ತಮ ಉದಾಹರಣೆ 2001ರ ಮಾರ್ಚಿಯ ಕೊಲ್ಕತ್ತ ಪಂದ್ಯ. ಸತತವಾಗಿ 16 ಟೆಸ್ಟುಗಳನ್ನು ಗೆದ್ದಿದ್ದ ಆಸ್ಟ್ರೇಲಿಯ ಮೊದಲ ಇನಿಂಗ್ಸಿನಲ್ಲಿ 445 ರನ್ ಮಾಡಿತ್ತು. ಭಾರತ 171ಕ್ಕೆ ಉರುಳಿ ಫಾಲೋಆನ್ ಆಡಬೇಕಾಯಿತು. ಲಕ್ಷ್ಮಣರನ್ನು ಮೂರನೆಯ ಸ್ಥಾನಕ್ಕೆ ಏರಿಸಿ ದ್ರಾವಿಡರನ್ನು ಆರನೆಯ ಸ್ಥಾನಕ್ಕೆ ಇಳಿಸಿದರು. ತನ್ನ ಜಾಗದಿಂದ ಇಳಿಸಲ್ಪಟ್ಟವನು, ಆ ಜಾಗ ಪಡೆದವನ ಎದುರು ತುದಿಯಲ್ಲಿ ನಿಂತು ಅವನಿಗೆ ಆಸರೆಯಾಗಬೇಕಾದ ಸಂದರ್ಭ. ನಾಲ್ಕನೆಯ ದಿನ, ಮಾರ್ಚಿ 14, ಬುಧವಾರ. ನಾನಾಗ ಅಧ್ಯಾಪಕ. ಅಧ್ಯಾಪಕರ ಕೊಠಡಿಯಲ್ಲಿ ಯಾರೋ ತಂದಿಟ್ಟಿದ್ದ ಟ್ರಾನ್ಸಿಸ್ಟರಿನ ಸುತ್ತ ಪ್ರತಿ ಪಾಠದ ಬಿಡುವಿನಲ್ಲಿಯೂ ಗುಂಪು ಸೇರುತ್ತಿತ್ತು. ‘ಯಾರು ಔಟಾದರು?’ ಎಂಬುದೇ ಒಳಬಂದವರ ಮೊದಲ ಪ್ರಶ್ನೆ. ‘ಯಾರೂ ಇಲ್ಲ’ ಎಂಬುದೇ ಸಂಜೆಯವರೆಗೂ ಉತ್ತರ. ಬೆಳಗ್ಗೆ ನಾಲ್ಕು ವಿಕೆಟ್ಟಿಗೆ 254 ಇದ್ದದ್ದು ಸಂಜೆ ನಾಲ್ಕೇ ವಿಕೆಟ್ಟಿಗೆ 589 ಆಗಿತ್ತು. ಇಬ್ಬರ ಜೊತೆಯಾಟ 376. ಲಕ್ಷ್ಮಣ್ 281, ದ್ರಾವಿಡ್ 180. ಕೊನೆಯ ದಿನ ಹರ್ಭಜನ್ ಸಿಂಗ್ ಆರು ವಿಕೆಟ್ ಕಿತ್ತರು. ಭಾರತ 171 ರನ್ನುಗಳಿಂದ ಗೆದ್ದಿತು. ಇಂದಿಗೂ ಜನ ಅದನ್ನು ಲಕ್ಷ್ಮಣರ ಪಂದ್ಯವೆಂದೇ ನೆನೆಯುತ್ತಾರೆ. ಅದು ನ್ಯಾಯವೇ ಸರಿ. ಆದರೆ ದ್ರಾವಿಡರು ಎದುರಿಸಿದ 353 ಎಸೆತಗಳಲ್ಲಿ ಒಂದು ತಪ್ಪಿದ್ದರೂ 281 ಎಂಬ ಸಂಖ್ಯೆ ಹುಟ್ಟುತ್ತಿತ್ತೋ ಇಲ್ಲವೋ.

ಅಲ್ಲಿಂದ ಮುಂದಿನ ಐದು ವರ್ಷ ಆ ರಕ್ಷಣೆ ಭಾರತಕ್ಕೆ ಪರದೇಶಗಳಲ್ಲಿ ಗೆಲುವಿನ ಬಾಗಿಲು ತೆರೆಯಿತು. 2002ರ ಆಗಸ್ಟ್‌ನಲ್ಲಿ ಲೀಡ್ಸಿನ ಮೋಡ ಕವಿದ ಬೆಳಗ್ಗೆ, ಚೆಂಡು ಎರಡೂ ಕಡೆಗೆ ಹೊರಳುತ್ತಿದ್ದಾಗ, ಸಂಜಯ್ ಬಂಗಾರರೊಡನೆ 170 ರನ್ ಸೇರಿಸಿ ಅವರು 148 ಗಳಿಸಿದರು. ಅನಂತರ ಗಂಗೂಲಿ, ತೆಂಡೂಲ್ಕರರ ಶತಕಗಳು ಬಂದವು. ಇನಿಂಗ್ಸ್ ಹಾಗೂ 46 ರನ್ನುಗಳ ಜಯವೂ ಬಂತು. 2003ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ಆಸ್ಟ್ರೇಲಿಯ 556 ರನ್ ಪೇರಿಸಿತ್ತು. ದ್ರಾವಿಡರು ಮೊದಲು 233, ಆಮೇಲೆ ಔಟಾಗದೆ 72. ಎರಡೂ ಇನಿಂಗ್ಸ್ ಸೇರಿ 835 ನಿಮಿಷ ಕ್ರೀಸಿನಲ್ಲಿದ್ದು ಗೆಲುವಿನ ರನ್ನನ್ನು ತಾವೇ ಹೊಡೆದರು. 1981ರ ನಂತರ ಆಸ್ಟ್ರೇಲಿಯದ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. 2004ರ ಏಪ್ರಿಲಿನಲ್ಲಿ ರಾವಲ್ಪಿಂಡಿಯಲ್ಲಿ ಹನ್ನೆರಡು ಗಂಟೆಗೂ ಮಿಕ್ಕು ಆಡಿ 270 ಗಳಿಸಿದರು. ಪಾಕಿಸ್ತಾನದಲ್ಲಿ ಭಾರತ ಮೊದಲ ಬಾರಿಗೆ ಟೆಸ್ಟ್ ಸರಣಿ ಗೆದ್ದಿತು. 2006ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ, ಬೇರೆಯವರು ನಿಲ್ಲಲಾರದ ನೆಲದಲ್ಲಿ, ನಾಯಕನಾಗಿ 81 ಮತ್ತು 68. ವೆಸ್ಟ್ ಇಂಡೀಸಿನಲ್ಲಿ 1971ರ ಬಳಿಕ ದೊರೆತ ಸರಣಿ ಜಯವದು. ಆಗ ಟೆಸ್ಟ್ ಆಡುತ್ತಿದ್ದ ಹತ್ತೂ ದೇಶಗಳ ನೆಲದಲ್ಲಿ ಶತಕ ಬಾರಿಸಿದ ಮೊದಲಿಗರೂ ಅವರೇ. ತವರಿನ ಸರಾಸರಿಗಿಂತ ಅವರ ಹೊರನಾಡಿನ ಸರಾಸರಿಯೇ ಹೆಚ್ಚು ಎಂಬುದನ್ನೂ ಇಲ್ಲಿ ಸೇರಿಸಬೇಕು.

ಕಾವಲಿಗೆ ಕರೆದಲ್ಲೆಲ್ಲ ನಿಂತವರು ಅವರು. ಒಂದು ದಿನದ ಪಂದ್ಯಗಳಲ್ಲಿ ತಂಡಕ್ಕೆ ಇನ್ನೊಬ್ಬ ದಾಂಡಿಗ ಬೇಕೆಂದಾಗ 73 ಪಂದ್ಯಗಳಲ್ಲಿ ವಿಕೆಟ್ ಕೀಪರರಾದರು; 2003ರ ವಿಶ್ವಕಪ್ಪಿನಲ್ಲಿಯೂ ಆ ಹೊರೆ ಹೊತ್ತರು. ಟೆಸ್ಟಿನಲ್ಲಿ ಸ್ಲಿಪ್ಪಿನಲ್ಲಿ ನಿಂತು 210 ಕ್ಯಾಚು ಹಿಡಿದರು. ಅವುಗಳಲ್ಲಿ 55 ಅನಿಲ್ ಕುಂಬ್ಳೆಯವರ ಎಸೆತದಲ್ಲಿ. ಒಬ್ಬ ಬೆಂಗಳೂರಿಗ ಎಸೆದು ಇನ್ನೊಬ್ಬ ಬೆಂಗಳೂರಿಗ ಹಿಡಿದ ಆ ದಾಖಲೆಯನ್ನು ಕನ್ನಡದ ಮನಸ್ಸು ಸ್ವಲ್ಪ ಅಭಿಮಾನದಿಂದ ಓದಿಕೊಂಡರೆ ತಪ್ಪೇನಿಲ್ಲ.

ಚರಿತ್ರೆ ಬರೆಯುವವನು ಸ್ತುತಿಪಾಠಕನಾಗಬಾರದು. ರಕ್ಷಣೆಗೆ ಅದರದೇ ಆದ ದೋಷವಿದೆ. ಕಾಯುವುದು ಅಂಜುವುದಾಗಿ ಮಾರ್ಪಡಲು ಬಹಳ ಹೊತ್ತು ಬೇಕಾಗಿಲ್ಲ. ನಿಧಾನವೆಂಬ ಕಾರಣಕ್ಕೆ 1998ರಲ್ಲಿ ಅವರನ್ನು ಒಂದು ದಿನದ ತಂಡದಿಂದ ಕೈಬಿಟ್ಟಿದ್ದರು. ಅದಕ್ಕೆ ಅವರ ಉತ್ತರ 1999ರ ವಿಶ್ವಕಪ್ಪಿನಲ್ಲಿ ಬಂತು: 461 ರನ್, ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು. ಆದರೆ 2007ರ ಓವಲ್ ಪಂದ್ಯಕ್ಕೆ ಅಂತಹ ಉತ್ತರವಿಲ್ಲ. ಇಂಗ್ಲೆಂಡಿನಲ್ಲಿ 1–0 ಮುಂದಿದ್ದ ಸರಣಿಯ ಕೊನೆಯ ಟೆಸ್ಟದು. ಭಾರತ 664 ಗಳಿಸಿ, ಎದುರಾಳಿಯನ್ನು 345ಕ್ಕೆ ಮುಗಿಸಿ, 319 ರನ್ ಮುನ್ನಡೆಯಲ್ಲಿತ್ತು. ನಾಯಕ ದ್ರಾವಿಡರು ಫಾಲೋಆನ್ ಹೇರಲಿಲ್ಲ. ತಾವೇ ಆಡಲಿಳಿದು 96 ಎಸೆತಗಳಲ್ಲಿ 12 ರನ್ ಮಾಡಿದರು. ಪಂದ್ಯ ಡ್ರಾ ಆಯಿತು. 1986ರ ನಂತರ ಇಂಗ್ಲೆಂಡಿನಲ್ಲಿ ಸರಣಿ ಗೆದ್ದೆವೆಂಬ ಸಂತೋಷವಿದ್ದರೂ ಆ ಹನ್ನೆರಡು ರನ್ನು ಗಂಟಲಲ್ಲಿ ಸಿಕ್ಕಿಕೊಂಡಿತು. ಅದೇ ವರ್ಷ ಮಾರ್ಚಿಯಲ್ಲಿ ಅವರ ನಾಯಕತ್ವದ ತಂಡ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲೇ ಸೋತು ಮರಳಿತ್ತು. ಸೆಪ್ಟೆಂಬರಿನಲ್ಲಿ ಅವರು ನಾಯಕತ್ವ ಬಿಟ್ಟರು. ಯಾವಾಗ ಕಾಯಬೇಕು, ಯಾವಾಗ ಏರಿಹೋಗಬೇಕು ಎಂಬ ವಿವೇಕ ಕಾಯುವ ವಿದ್ಯೆಯ ಕೊನೆಯ ಪಾಠ. ಅದು ಆ ವಿದ್ಯೆಯ ಮಹಾಪಂಡಿತನಿಗೂ ಸದಾ ಒದಗಲಿಲ್ಲ.

ಆಮೇಲಿನದು ಕಷ್ಟದ ಕಾಲ. 2008ರ ಜನವರಿಯಲ್ಲಿ ಸಿಡ್ನಿಯಲ್ಲಿ 18 ರನ್ನಿಗೆ ಬಂದು ನಿಂತ ಅವರಿಗೆ ಮುಂದಿನ 40 ಎಸೆತಗಳಲ್ಲಿ ಒಂದು ರನ್ನೂ ಹುಟ್ಟಲಿಲ್ಲ. ಕೊನೆಗೊಂದು ರನ್ ಓಡಿದಾಗ ಇಡೀ ಮೈದಾನ ಚಪ್ಪಾಳೆಯಿಟ್ಟಿತು. ಅವರು ದಾಂಡು ಎತ್ತಿ ಆ ಹಾಸ್ಯವನ್ನು ಸ್ವೀಕರಿಸಿದರು. ಇನ್ನು ಮುಗಿಯಿತೆಂದು ಹಲವರು ಬರೆದರು. ಆದರೆ ನನ್ನ ದೃಷ್ಟಿಯಲ್ಲಿ ಅವರ ಜೀವನದ ಅತ್ಯಂತ ಗಂಭೀರ ಅಧ್ಯಾಯ ಬರಬೇಕಾಗಿದ್ದುದು ಅದರ ಮೂರು ವರ್ಷದ ನಂತರ. 2011ರಲ್ಲಿ ಇಂಗ್ಲೆಂಡಿನಲ್ಲಿ ಭಾರತ ನಾಲ್ಕು ಟೆಸ್ಟುಗಳನ್ನೂ ಸೋತಿತು. ಲಾರ್ಡ್ಸಿನಲ್ಲಿ ಔಟಾಗದೆ 103, ನಾಟಿಂಗ್‌ಹ್ಯಾಮಿನಲ್ಲಿ 117, ಓವಲಿನಲ್ಲಿ ಔಟಾಗದೆ 146: ಮೂರೂ ಶತಕಗಳು ಸೋತ ಪಂದ್ಯಗಳಲ್ಲಿ. ಓವಲಿನಲ್ಲಿ ಮೊದಲಿಗನಾಗಿ ಹೋಗಿ, ಒಬ್ಬೊಬ್ಬರಾಗಿ ಹತ್ತು ಮಂದಿಯೂ ಹಿಂದಿರುಗುವುದನ್ನು ನೋಡುತ್ತ, 300 ರನ್ನಿಗೆ ಇನಿಂಗ್ಸ್ ಮುಗಿದಾಗಲೂ ಅಜೇಯರಾಗಿ ನಿಂತಿದ್ದರು. ಫಾಲೋಆನ್ ಬಂತು, ಇನಿಂಗ್ಸುಗಳ ನಡುವಿನ ಹತ್ತು ನಿಮಿಷದ ವಿರಾಮ ಮುಗಿಯುತ್ತಲೇ ಮತ್ತೆ ಅವರೇ ಮೊದಲಿಗರಾಗಿ ಇಳಿದರು. ಆಗ ಅವರ ವಯಸ್ಸು ಮೂವತ್ತೆಂಟು. ಪಂದ್ಯ ಇನಿಂಗ್ಸ್ ಹಾಗೂ 8 ರನ್ನುಗಳಿಂದ ಸೋತುಹೋಯಿತು.

ಫಲವೇ ಪ್ರಮಾಣವಾದರೆ ಆ ಮೂರು ಶತಕಗಳಿಗೆ ಬೆಲೆಯಿಲ್ಲ. ಆದರೆ ಹೆಬ್ಬಾಳದ ಕಲ್ಲನ್ನು ನಿಲ್ಲಿಸಿದವರ ಪ್ರಮಾಣ ಬೇರೆಯಿತ್ತು. ಊರು ಉಳಿಯಿತೇ ಎಂದು ಕೇಳಿ ಅವರು ಕಲ್ಲು ಕಡೆಯಲಿಲ್ಲ. ನಿಂತನೇ ಎಂದು ಕೇಳಿದರು. ಕೊಲ್ಕತ್ತ, ಅಡಿಲೇಡುಗಳ ದ್ರಾವಿಡರನ್ನು ಅರಸರ ಶಾಸನದ ಭಾಷೆಯಲ್ಲಿ ಹೊಗಳಬಹುದು. 2011ರ ದ್ರಾವಿಡರನ್ನು ಅಳೆಯಲು ವೀರಗಲ್ಲಿನ ಭಾಷೆಯೇ ಬೇಕು.

ಅದೇ ವರ್ಷದ ಡಿಸೆಂಬರ್ 14ರಂದು ಕ್ಯಾನ್‌ಬೆರಾದ ಯುದ್ಧಸ್ಮಾರಕದಲ್ಲಿ ಬ್ರಾಡ್ಮನ್ ಉಪನ್ಯಾಸ ನೀಡುವ ಗೌರವ, ಆಸ್ಟ್ರೇಲಿಯದವರಲ್ಲದವರಲ್ಲಿ ಮೊದಲಿಗೆ, ಅವರಿಗೆ ಸಂದಿತು. ಕ್ರಿಕೆಟ್ ಅಂಗಳದಲ್ಲಿ ಎದುರಾಳಿಗಳಾಗುವ ಮೊದಲು ಭಾರತೀಯರೂ ಆಸ್ಟ್ರೇಲಿಯನ್ನರೂ ಗಲಿಪೊಲಿಯಂತಹ ರಣಭೂಮಿಗಳಲ್ಲಿ ಒಂದೇ ಕಡೆಯಲ್ಲಿ ನಿಂತಿದ್ದರೆಂಬುದನ್ನು ಅವರು ಅಲ್ಲಿ ನೆನಪಿಸಿದರು. ಆಟವನ್ನು ಯುದ್ಧವೆಂದು ಉಬ್ಬಿಸುವ ಕಾಲದಲ್ಲಿ ಆ ಮಾತಿಗೆ ತೂಕವಿತ್ತು. 2012ರ ಮಾರ್ಚ್ 9ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು.

ಬಳಿಕ ಅವರು ಹಿಡಿದದ್ದು ಮೇಷ್ಟರ ಕೆಲಸ. 2018ರಲ್ಲಿ ಹತ್ತೊಂಬತ್ತರ ಕೆಳಗಿನ ಹುಡುಗರು ಅವರ ಶಿಕ್ಷಣದಲ್ಲಿ ವಿಶ್ವಕಪ್ ಗೆದ್ದಾಗ ಮಂಡಳಿ ಅವರಿಗೆ 50 ಲಕ್ಷ, ಸಹಾಯಕರಿಗೆ 20 ಲಕ್ಷ ಘೋಷಿಸಿತು. ಭೇದ ಬೇಡವೆಂದು ಅವರು ಕೇಳಿಕೊಂಡರು. ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು. ಎದುರು ತುದಿಯಲ್ಲಿ ನಿಂತವನ ಪಾಲನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು? 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಭಾರತ ಇಪ್ಪತ್ತು ಓವರುಗಳ ವಿಶ್ವಕಪ್ ಗೆದ್ದಾಗ ತಂಡದ ಶಿಕ್ಷಕರು ಅವರೇ. ಆಟಗಾರನಾಗಿ ಕೈಗೆಟುಕದ ಬಟ್ಟಲು ಶಿಕ್ಷಕನಾಗಿ ಸಿಕ್ಕಿತು. ಯಲಹಂಕದಾಚೆ, ವಿಮಾನ ನಿಲ್ದಾಣದ ಕಡೆಯಲ್ಲಿ, ಪ್ರಕಾಶ್ ಪಡುಕೋಣೆಯವರ ಹೆಸರಿನೊಡನೆ ಅವರ ಹೆಸರನ್ನೂ ಸೇರಿಸಿಕೊಂಡ ಕ್ರೀಡಾಕೇಂದ್ರವೊಂದಿದೆ. ನಮ್ಮ ಭಾಗದ ಮಕ್ಕಳು ಚೀಲ ಹೊತ್ತು ಅಲ್ಲಿಗೆ ಹೋಗುವುದನ್ನು ನಾನು ನೋಡಿದ್ದೇನೆ.

ಅಧ್ಯಾಪಕ ವೃತ್ತಿಯವನಾದ ನನಗೆ ಮೆಚ್ಚಿಕೆಯಾದ ಇನ್ನೊಂದು ಸಂಗತಿ: 2017ರ ಜನವರಿಯಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಕೊಡಬಂದ ಗೌರವ ಡಾಕ್ಟರೇಟನ್ನು ಅವರು ಒಪ್ಪಲಿಲ್ಲ. ಕ್ರೀಡೆಯ ವಿಷಯದಲ್ಲಿ ಸಂಶೋಧನೆ ಮಾಡಿ ಗಳಿಸಿದರೆ ಗಳಿಸಿಯೇನು ಎಂಬುದು ಅವರ ಉತ್ತರವಾಗಿತ್ತು. ಗೂಟದ ಹೊರಗೆ ಹೋಗುವ ಆಕರ್ಷಕ ಚೆಂಡನ್ನು ಬಿಟ್ಟುಕೊಡುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು.

ದಾಖಲೆಗಳು ಶಾಶ್ವತವಲ್ಲ. ಅವರ 210 ಕ್ಯಾಚುಗಳ ದಾಖಲೆಯನ್ನು ಇಂಗ್ಲೆಂಡಿನ ಜೋ ರೂಟ್ 2025ರ ಜುಲೈಯಲ್ಲಿ ದಾಟಿದರು. ಅದೂ ದ್ರಾವಿಡರು ಮೊದಲ ಟೆಸ್ಟ್ ಆಡಿದ ಲಾರ್ಡ್ಸಿನಲ್ಲಿಯೇ. 31,258 ಎಸೆತಗಳ ಲೆಕ್ಕ ಇನ್ನೂ ಉಳಿದಿದೆ. ಅದನ್ನೂ ಮುಂದೊಮ್ಮೆ ಯಾರಾದರೂ ದಾಟಬಹುದು. ಅಂದು ಸಂಖ್ಯೆಯನ್ನಷ್ಟೇ ಹೋಲಿಸಿ ಪುಟ ಮಗುಚುವುದು ಬೇಡ. ಅಷ್ಟು ಹೊತ್ತು ಎದುರು ತುದಿಯಲ್ಲಿ ನಿಂತು ಆಡಿದವರ ಹೆಸರುಗಳನ್ನೂ, ಅವರು ಗಳಿಸಿದ ರನ್ನುಗಳನ್ನೂ ಓದಿಕೊಳ್ಳೋಣ. ಕಾದವನ ಗಳಿಕೆಯಲ್ಲಿ ಅರ್ಧ ಅವರ ಹೆಸರಿನಲ್ಲಿ ಬರೆದಿರುತ್ತದೆ.